ಎರಕದೊಳಗಿನ ಗುಟ್ಟು, ಅಂಗಡಿಯ ವೆಬ್‌ಸೈಟು

ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಇರುವ ಮಾಚೇನಹಳ್ಳಿ ಫೌಂಡ್ರಿಗಳ ಊರು. ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯತೊಡಗಿದಂದಿನಿಂದ ಈ ಸೀಮೆಗೆ ಕಾಯ್ದ ಕಬ್ಬಿಣ ಹೊಸತಲ್ಲ. ಇಲ್ಲಿನ ಎರಕದ ಕೆಲಸಗಾರರ ಮುಂದೆ ಎರಡು ತುಂಡು ಇಟ್ಟು ನೋಡಿ. ಒಂದು ಗ್ರೇ ಐರನ್, ಇನ್ನೊಂದು ಎಸ್‌ಜಿ ಐರನ್. ಬಣ್ಣ, ಆಕಾರ ಎಲ್ಲ ಒಂದೇ, ತೂಕದಲ್ಲೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೆ ಬಗ್ಗಿಸಲು ಹೋದರೆ ಮೊದಲನೆಯದು ಪಟ್ಟನೆ ಮುರಿಯುತ್ತದೆ, ಎರಡನೆಯದು ಬಾಗುತ್ತದೆ. ಗ್ರೇ ಐರನ್ನಿನೊಳಗೆ ಇಂಗಾಲವು ಗ್ರಾಫೈಟಿನ ಚಕ್ಕೆಗಳಾಗಿ ಹರಡಿಕೊಂಡಿರುತ್ತದೆ. ಪ್ರತಿ ಚಕ್ಕೆಯ ಚೂಪು ತುದಿಯೂ ಒಂದು ಬಿರುಕಿಗೆ ಆರಂಭ. ಕರಗಿದ ಕಬ್ಬಿಣಕ್ಕೆ ಮೆಗ್ನೀಸಿಯಂ ಬೆರೆಸಿ, ಶೇಕಡಾ 0.04ರ ಆಸುಪಾಸು ಉಳಿಯುವಂತೆ ಮಾಡಿದರೆ ಅದೇ ಗ್ರಾಫೈಟು ಗುಂಡಗಾಗುತ್ತದೆ, ಕಬ್ಬಿಣಕ್ಕೆ ಬಾಗುವ ಗುಣ ಬರುತ್ತದೆ; ಅದೇ ಎಸ್‌ಜಿ ಐರನ್. ಅಮೆರಿಕದ ಕೀತ್ ಮಿಲಿಸ್ 1943ರಲ್ಲಿ ಕಂಡುಕೊಂಡ ವಿದ್ಯೆ ಇದು.

ಹೊರಗಿನಿಂದ ಕಾಣದ ಈ ಶೇಕಡಾ 0.04ನ್ನು ಯಾವ ಫೌಂಡ್ರಿಯೂ ನಂಬಿಕೆಯ ಮೇಲೆ ಬಿಡುವುದಿಲ್ಲ. ಸ್ಪೆಕ್ಟ್ರೋಮೀಟರಿನಲ್ಲಿ ರಾಸಾಯನಿಕ ಪರೀಕ್ಷೆ, ಸೂಕ್ಷ್ಮದರ್ಶಕದಲ್ಲಿ ಗ್ರಾಫೈಟಿನ ಆಕಾರ, ಎಳೆದು ಮುರಿಯಲು ಬೇರೆಯಾಗಿ ಹೊಯ್ದ ಟೆಸ್ಟ್ ಬಾರ್. ಏನೂ ಇಲ್ಲದಿದ್ದರೆ ಒಂದು ಸುತ್ತಿಗೆ: ತಟ್ಟಿದರೆ ಗುಂಡು ಗ್ರಾಫೈಟಿನ ತುಂಡು ಗಂಟೆಯಂತೆ ದನಿ ಕೊಡುತ್ತದೆ, ಚಕ್ಕೆಯದು ಮಂಕಾಗಿ ಸದ್ದು ಮಾಡುತ್ತದೆ. ಇಷ್ಟು ಎಚ್ಚರದ ಮಾಲೀಕರು ತಮ್ಮ ಕಂಪನಿಗೆ ವೆಬ್‌ಸೈಟ್ ಮಾಡಿಸುವಾಗ ಮಾತ್ರ ಸುತ್ತಿಗೆಯನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ಡಿಸೈನರ್ ಲ್ಯಾಪ್‌ಟಾಪ್ ತೆರೆದು ನಾಲ್ಕು ಪುಟ ತೋರಿಸುತ್ತಾನೆ. ಮೇಲಿನ ಚಿತ್ರ ಮೆಲ್ಲಗೆ ಜಾರುತ್ತದೆ, ಅಕ್ಷರಗಳು ಎಲ್ಲಿಂದಲೋ ತೇಲಿ ಬರುತ್ತವೆ. ‘ಚೆನ್ನಾಗಿದೆ, ಹೀಗೇ ಮಾಡಿ’ ಎನ್ನುವಲ್ಲಿಗೆ ವ್ಯವಹಾರ ಮುಗಿಯಿತು. ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಾಗಲಿ, ತೀರ್ಥಹಳ್ಳಿ ಕಡೆಯ ಹೋಂಸ್ಟೇ ಆಗಲಿ, ಭದ್ರಾವತಿಯ ಅಡಿಕೆ ಹಾಳೆ ತಟ್ಟೆ ಘಟಕವಾಗಲಿ, ಕಥೆ ಇದೇ.

ತಪ್ಪು ಮಾಲೀಕರದಲ್ಲ, ಸರಕಿನ ಸ್ವಭಾವ ಹಾಗಿದೆ. ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ ಹಳೆ ಕಾರುಗಳ ಮಾರುಕಟ್ಟೆಯ ಬಗ್ಗೆ ಬರೆದ ಪ್ರಬಂಧವೊಂದನ್ನು ಮೂರು ಪತ್ರಿಕೆಗಳು ತಿರಸ್ಕರಿಸಿದ್ದವು. ಕೊನೆಗೆ 1970ರಲ್ಲಿ ಅದು ಅಚ್ಚಾಯಿತು. 2001ರಲ್ಲಿ ಅವರಿಗೆ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಜೊತೆ ನೊಬೆಲ್ ಬಂತು. ಅಕರ್ಲಾಫ್ ಹೇಳಿದ್ದು ಸರಳ: ಮಾರುವವನಿಗೆ ಗೊತ್ತಿರುವ ಗುಣಮಟ್ಟ ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕೊಳ್ಳುವವನು ಸರಾಸರಿ ಬೆಲೆಗಿಂತ ಹೆಚ್ಚು ಕೊಡಲು ಒಪ್ಪುವುದಿಲ್ಲ. ಸರಾಸರಿ ಬೆಲೆಗೆ ಒಳ್ಳೆಯ ಮಾಲು ಕೊಟ್ಟರೆ ಗಿಟ್ಟುವುದಿಲ್ಲ, ಆದ್ದರಿಂದ ಒಳ್ಳೆಯವರು ಜಾಗ ಖಾಲಿ ಮಾಡುತ್ತಾರೆ. ಸರಾಸರಿ ಇನ್ನೂ ಇಳಿಯುತ್ತದೆ. ‘ಐದು ಸಾವಿರಕ್ಕೆ ವೆಬ್‌ಸೈಟ್’ ಎಂಬ ಜಾಹೀರಾತುಗಳು ಯಾಕೆ ಹೆಚ್ಚುತ್ತವೆ ಎಂದು ಬೆರಗಾಗುವವರಿಗೆ ಉತ್ತರ ಇಲ್ಲಿದೆ. ಗ್ರಾಹಕನಿಗೆ ವ್ಯತ್ಯಾಸ ಕಾಣದ ಕಡೆ ಬೆಲೆಯೊಂದೇ ಕಾಣುತ್ತದೆ.

ಅದೇ 1970ರಲ್ಲಿ ಫಿಲಿಪ್ ನೆಲ್ಸನ್ ಸರಕುಗಳನ್ನು ಎರಡು ಬಗೆ ಮಾಡಿದರು. ಕೊಳ್ಳುವ ಮೊದಲೇ ನೋಡಿ ತಿಳಿಯಬಹುದಾದ ಗುಣ ಒಂದು, ಬಳಸಿದ ಮೇಲಷ್ಟೇ ತಿಳಿಯುವ ಗುಣ ಇನ್ನೊಂದು. ಮೂರು ವರ್ಷದ ನಂತರ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಮೂರನೆಯದನ್ನು ಸೇರಿಸಿದರು: ಬಳಸಿದ ಮೇಲೂ ತಿಳಿಯದ, ನಂಬಿಕೆಯ ಮೇಲೇ ಕೊಳ್ಳಬೇಕಾದ ಗುಣ. ವೆಬ್‌ಸೈಟಿನಲ್ಲಿ ಮೂರೂ ಒಟ್ಟಿಗಿವೆ. ಬಣ್ಣ, ಚಿತ್ರ, ಅಂದ ಕಣ್ಣೆದುರು ಕಾಣುತ್ತವೆ. ಮೊಬೈಲಿನಲ್ಲಿ ಎಷ್ಟು ಬೇಗ ತೆರೆಯುತ್ತದೆ, ಗ್ರಾಹಕ ಫೋನ್ ನಂಬರು ಹುಡುಕಿಕೊಳ್ಳುತ್ತಾನೋ ಇಲ್ಲವೋ ಎನ್ನುವುದು ಬಳಸಿದ ಮೇಲೆ ತಿಳಿಯುತ್ತದೆ. ಬ್ಯಾಕಪ್ ಇದೆಯೇ, ಒಳಗಿನ ತಂತ್ರಾಂಶವನ್ನು ಯಾರಾದರೂ ಕಾಲಕಾಲಕ್ಕೆ ಅಪ್‌ಡೇಟ್ ಮಾಡುತ್ತಿದ್ದಾರೆಯೇ, ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಿನಲ್ಲಿದೆ ಎನ್ನುವುದು ಅನಾಹುತ ಆಗುವವರೆಗೂ ತಿಳಿಯುವುದಿಲ್ಲ. ಆದ್ದರಿಂದ ಒಳ್ಳೆಯ ಡಿಸೈನರನ್ನು ಆರಿಸುವುದು ಎಂದರೆ ನನ್ನ ಲೆಕ್ಕದಲ್ಲಿ ಒಂದೇ ಕೆಲಸ: ಎರಡನೆಯ, ಮೂರನೆಯ ಬಗೆಯ ಗುಣಗಳನ್ನು ಹಣ ಕೊಡುವ ಮೊದಲೇ ಮೊದಲನೆಯ ಬಗೆಗೆ ತಂದುಕೊಳ್ಳುವುದು. ಅಂದರೆ ತಟ್ಟಿ ನೋಡುವುದು.

ಅಂದವನ್ನು ಬದಿಗಿಡಿ ಎಂದರೆ ಮನಸ್ಸು ಒಪ್ಪುವುದಿಲ್ಲ, ಅದಕ್ಕೂ ಕಾರಣವಿದೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಗಿಟ್ಟೆ ಲಿಂಡ್‌ಗಾರ್ಡ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ವೆಬ್ ಪುಟಗಳನ್ನು ಕೇವಲ 50 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು, ತೋರಿಸಲಾಯಿತು. ಅಷ್ಟರಲ್ಲೇ ಜನ ಅಂದದ ಬಗ್ಗೆ ತೀರ್ಮಾನಕ್ಕೆ ಬಂದಿದ್ದರು, ಹೆಚ್ಚು ಹೊತ್ತು ನೋಡಿದ ಮೇಲೂ ಆ ತೀರ್ಮಾನ ಹೆಚ್ಚೇನೂ ಬದಲಾಗಲಿಲ್ಲ. ಅದಕ್ಕೂ ಮೊದಲು, 1995ರಲ್ಲಿ, ಜಪಾನಿನ ಮಸಾಕಿ ಕುರೊಸು ಮತ್ತು ಕಾವೊರಿ ಕಾಶಿಮುರ ಎಟಿಎಂ ಪರದೆಗಳ ಹಲವು ವಿನ್ಯಾಸಗಳನ್ನು ಜನರ ಮುಂದಿಟ್ಟಿದ್ದರು. ಚೆಂದ ಕಂಡದ್ದೇ ಸುಲಭ ಎಂದು ಜನ ಹೇಳಿದರು, ನಿಜಕ್ಕೂ ಸುಲಭವಾಗಿದೆಯೋ ಇಲ್ಲವೋ ಎಂಬುದಕ್ಕಿಂತ ಚೆಂದದ ಜೊತೆಗೇ ಆ ಅಭಿಪ್ರಾಯಕ್ಕೆ ಹೆಚ್ಚು ನಂಟಿತ್ತು. ಡಿಸೈನರ್ ಲ್ಯಾಪ್‌ಟಾಪ್ ತೆರೆದ ಕ್ಷಣದಲ್ಲೇ ನಿಮ್ಮ ತಲೆ ತೀರ್ಪು ಬರೆದಿರುತ್ತದೆ, ಮಿಕ್ಕ ಅರ್ಧ ಗಂಟೆ ಅದಕ್ಕೆ ಸಮರ್ಥನೆ ಹುಡುಕುವುದರಲ್ಲಿ ಕಳೆಯುತ್ತದೆ.

ಆದ್ದರಿಂದ ಲ್ಯಾಪ್‌ಟಾಪ್ ಮುಚ್ಚಿಸಿ. ಅವರು ಮಾಡಿದ ಸೈಟುಗಳ ವಿಳಾಸ ಬರೆಸಿಕೊಳ್ಳಿ. ಅಂಗಡಿಯ ವೈಫೈ ಆಫ್ ಮಾಡಿ, ನಿಮ್ಮ ಮೊಬೈಲಿನಲ್ಲೇ ತೆರೆಯಿರಿ. ಸಾಧ್ಯವಾದರೆ ಆಗುಂಬೆ ಕಡೆಯ ನೆಂಟರಿಗೆ ಫೋನ್ ಮಾಡಿ ಅವರ ಮನೆಯಿಂದ ತೆರೆಯಲು ಹೇಳಿ. ಮಳೆಗಾಲದಲ್ಲಾದರೆ ಇನ್ನೂ ಒಳ್ಳೆಯದು. ಮಲೆನಾಡಿನ ಸಿಗ್ನಲ್ ತಾಳಿಕೊಂಡ ಸೈಟು ಎಲ್ಲಿ ಬೇಕಾದರೂ ತಾಳುತ್ತದೆ.

ಸೈಟು ನಿಧಾನವಾಗುವುದಕ್ಕೆ ಎರಡು ಮುಖ್ಯ ಕಾರಣ. ಮೊದಲನೆಯದು ಚಿತ್ರಗಳ ತೂಕ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಸುಲಭವಾಗಿ 5 ಎಂಬಿ ಮುಟ್ಟುತ್ತದೆ. ಅದನ್ನು ಹಾಗೆಯೇ ಪುಟಕ್ಕೆ ಹಾಕಿದರೆ, ಸೆಕೆಂಡಿಗೆ 5 ಮೆಗಾಬಿಟ್ ಸಿಗುವ ಕಡೆ ಆ ಒಂದು ಚಿತ್ರ ಇಳಿಯಲು 8 ಸೆಕೆಂಡು ಬೇಕು. ಒಂದು ಬೈಟಿಗೆ ಎಂಟು ಬಿಟ್ ಎಂಬ ಲೆಕ್ಕ ಅಷ್ಟೇ. ಅದೇ ಚಿತ್ರವನ್ನು ಪರದೆಗೆ ಬೇಕಾದ ಅಳತೆಗೆ ಇಳಿಸಿ 200 ಕೆಬಿಗೆ ತಂದರೆ ಸೆಕೆಂಡಿನ ಮೂರರಲ್ಲೊಂದು ಪಾಲು ಸಾಕು, ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಈ ಕೆಲಸಕ್ಕೆ ಐದು ನಿಮಿಷ ಹಿಡಿಯುತ್ತದೆ. ಅದನ್ನೂ ಮಾಡದವನು ಉಳಿದದ್ದನ್ನು ಹೇಗೆ ಮಾಡಿಯಾನು?

ಎರಡನೆಯದು ಸೈಟನ್ನು ಇಟ್ಟಿರುವ ಸರ್ವರಿನ ದೂರ. ಗಾಜಿನ ತಂತುವಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಅದಕ್ಕಿಂತ ವೇಗವಾಗಿ ಹೋಗಲು ಯಾವ ಪ್ಯಾಕೇಜಿಗೆ ದುಡ್ಡು ಕೊಟ್ಟರೂ ಆಗದು. ಸರ್ವರ್ ಮುಂಬೈಯಲ್ಲಿದ್ದರೆ ಶಿವಮೊಗ್ಗದಿಂದ ನೇರ ದೂರ ಆರು ನೂರು ಚಿಲ್ಲರೆ ಕಿ.ಮೀ. ಹೋಗಿ ಬರಲು 6–7 ಮಿಲಿಸೆಕೆಂಡು. ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದರೆ ಸುಮಾರು 13,000 ಕಿ.ಮೀ. ಹೋಗಿ ಬರಲು ಕಡೇಪಕ್ಷ 130 ಮಿಲಿಸೆಕೆಂಡು. ಇದು ನೇರ ಗೆರೆಯ ಲೆಕ್ಕ, ಸಮುದ್ರದಡಿಯ ಕೇಬಲ್ಲುಗಳು ಸುತ್ತಿ ಬಳಸಿ ಹೋಗುತ್ತವೆ. ಮೇಲಾಗಿ ಪುಟದ ಮೊದಲ ಅಕ್ಷರ ಬರುವ ಮೊದಲೇ ವಿಳಾಸ ಹುಡುಕಲು, ಸಂಪರ್ಕ ಬೆಸೆಯಲು, ಗುಪ್ತಲಿಪಿಯ ಕರಾರು ಮಾಡಿಕೊಳ್ಳಲು ಹಲವು ಬಾರಿ ಹೋಗಿ ಬರಬೇಕು. ನಿಮ್ಮ ಗ್ರಾಹಕರೆಲ್ಲ ಸಾಗರ, ಭದ್ರಾವತಿ, ಚನ್ನಗಿರಿಯಲ್ಲಿದ್ದು, ಸೈಟು ಮಾತ್ರ ಅಮೆರಿಕದಲ್ಲಿ ಕೂತಿದ್ದರೆ ಏನು ಬಂತು? ‘ಸರ್ವರ್ ಎಲ್ಲಿದೆ?’ ಎಂದು ಕೇಳಿ. ಉತ್ತರ ಗೊತ್ತಿಲ್ಲದೆ ತಡವರಿಸಿದರೆ ಅದೂ ಒಂದು ಉತ್ತರವೇ.

ಅಳೆಯಲು ಬೇಕಾದ ಸಾಧನ ಪುಕ್ಕಟೆ ಇದೆ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಸೈಟಿನ ವಿಳಾಸ ಕೊಟ್ಟರೆ ಮೊಬೈಲಿಗೂ ಕಂಪ್ಯೂಟರಿಗೂ ಬೇರೆ ಬೇರೆ ನೂರಕ್ಕೆ ಇಷ್ಟು ಎಂದು ಅಂಕ ಬರುತ್ತದೆ. 90 ದಾಟಿದರೆ ಹಸಿರು, 50ಕ್ಕಿಂತ ಕೆಳಗೆ ಕೆಂಪು. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಡಿಸೈನರ್ ಮಾಡಿದ ಮೂರು ಸೈಟುಗಳ ಮೊಬೈಲ್ ಅಂಕ ಬರೆದುಕೊಂಡರೆ ಮಾತಿನ ಚಮತ್ಕಾರಕ್ಕೆ ಅಷ್ಟಾಗಿ ಅವಕಾಶ ಉಳಿಯುವುದಿಲ್ಲ.

ಇನ್ನು ಕನ್ನಡ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಹೊರಗಿನ ಏಜೆನ್ಸಿಗಳು ಮಾತ್ರವಲ್ಲ, ನಮ್ಮೂರಿನವರೂ ಎಡವುವ ಜಾಗ ಇದು. ಯು.ಬಿ. ಪವನಜ 1996ರಲ್ಲಿ ವಿಶ್ವಕನ್ನಡ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದಾಗ ಓದುಗರ ಕಂಪ್ಯೂಟರಿನಲ್ಲಿ ಯೂನಿಕೋಡ್ ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡ ತೋರಿಸುವ ಏರ್ಪಾಡೇ ಇರಲಿಲ್ಲ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ, ವಿಂಡೋಸ್‌ನಲ್ಲಿ ಅದು ಮೂಡಿದ್ದು 2001ರ ಎಕ್ಸ್‌ಪಿಯ ಜೊತೆ, ಶಿವಮೊಗ್ಗದ ನದಿಯ ಹೆಸರನ್ನೇ ಹೊತ್ತ ‘ತುಂಗಾ’ ಫಾಂಟಿನಲ್ಲಿ. ಈಗ ಆ ತೊಡಕು ಯಾವುದೂ ಇಲ್ಲ. ಆದರೆ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕುಗಳು ಇಂದಿಗೂ ಹಲವೆಡೆ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆ ಫಾಂಟುಗಳಲ್ಲೇ ಇವೆ. ಆ ಕಡತದಲ್ಲಿ ಉಳಿದಿರುವುದು ಕನ್ನಡ ಅಕ್ಷರವಲ್ಲ, ಕನ್ನಡದ ಆಕಾರ ತೊಡಿಸಿದ ರೋಮನ್ ಸಂಕೇತಗಳು. ಫಾಂಟ್ ಕಳಚಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿನಲ್ಲಿ ಹಾಗಲ್ಲ. ‘ಶಿವಮೊಗ್ಗ’ ಎಂದು ಬರೆದರೆ ಶ, ಇಕಾರದ ಗುಣಿತ, ವ, ಮ, ಒಕಾರದ ಗುಣಿತ, ಗ, ಹಲಂತ, ಗ ಎಂದು ಎಂಟು ಸಂಕೇತಗಳು ಸಾಲಾಗಿ ಉಳಿಯುತ್ತವೆ. ಒಂದೊಂದಕ್ಕೆ ಮೂರರಂತೆ ಒಟ್ಟು 24 ಬೈಟು. ಒತ್ತಕ್ಷರವನ್ನು ಕೆಳಗೆ ಜೋಡಿಸುವುದು ಫಾಂಟಿನ ಕೆಲಸ. ‘ಶಿವಮೊಗ್ಗ ಹಾಳೆ ತಟ್ಟೆ’ ಎಂದು ಯಾರಾದರೂ ಗೂಗಲಿಸಿದರೆ ಅದು ಹುಡುಕುವುದು ಆ ಸಾಲನ್ನು. ನಿಮ್ಮ ಸೈಟಿನಲ್ಲಿ ಕನ್ನಡ ಹಳೆ ಫಾಂಟಿನಲ್ಲಿದ್ದರೆ, ಅಥವಾ ಚಿತ್ರವಾಗಿ ಅಂಟಿಸಿದ್ದರೆ, ಓದುವವರಿಗೆ ಕಂಡರೂ ಹುಡುಕುವವರಿಗೆ ಸಿಗುವುದು ಕಷ್ಟ.

ಪರೀಕ್ಷೆ ಹೀಗೆ. ಡಿಸೈನರ್ ಮಾಡಿದ ಯಾವುದಾದರೂ ಕನ್ನಡ ಪುಟ ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟು ಕಾಪಿ ಮಾಡಿ, ವಾಟ್ಸಾಪಿನಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಸರಿ. ಇಂಗ್ಲಿಷ್ ಅಕ್ಷರಗಳ ಗೊಂದಲ ಬಂದರೆ ಹಳೆ ಫಾಂಟು. ಬೆರಳಿಗೆ ಸಾಲು ಸಿಕ್ಕುವುದೇ ಇಲ್ಲವೆಂದರೆ ಬಹುಪಾಲು ಅದು ಚಿತ್ರ. ಆಮೇಲೆ ಬಟನ್ನುಗಳನ್ನೂ ತಲೆಬರಹಗಳನ್ನೂ ಹತ್ತಿರದಿಂದ ನೋಡಿ. ಇಂಗ್ಲಿಷಿಗೆ ಒತ್ತಕ್ಷರದ ಗೊಡವೆಯಿಲ್ಲ, ಸಾಲಿನ ಎತ್ತರ ಕಡಿಮೆ ಇಟ್ಟರೂ ನಡೆಯುತ್ತದೆ. ಅದೇ ಅಳತೆಯನ್ನು ಕನ್ನಡಕ್ಕೆ ಹಾಕಿದರೆ ಬಟನ್ನಿನ ಅಂಚು ಒತ್ತನ್ನು ಕತ್ತರಿಸಿ ಹಾಕುತ್ತದೆ. ‘ತಟ್ಟೆ’ ಹೋಗಿ ‘ತಟೆ’ ಆಗುತ್ತದೆ, ‘ಹಳ್ಳಿ’ ಹೋಗಿ ‘ಹಳಿ’. ಸರಿಪಡಿಸಲು ಒಂದು ಸಾಲಿನ ಬದಲಾವಣೆ ಸಾಕು, ಆದರೆ ಅದನ್ನು ಗಮನಿಸುವ ಕಣ್ಣು ಬೇಕು. ಕನ್ನಡ ಓದದೆ ಕನ್ನಡ ಪುಟ ಕಟ್ಟುವವರಿಗೆ ಆ ಕಣ್ಣು ಇರುವುದಿಲ್ಲ. ಈ ಒಂದು ವಿಷಯದಲ್ಲಿ ಬೆಂಗಳೂರಿನ ದೊಡ್ಡ ಹೆಸರಿಗಿಂತ ಶಿವಮೊಗ್ಗದ ದುರ್ಗಿಗುಡಿಯ ಹುಡುಗಿಯನ್ನೇ ನಾನು ನೆಚ್ಚುತ್ತೇನೆ.

ಗ್ರಾಹಕರಿಗೆ ಸೈಟು ಅರ್ಥವಾಗುತ್ತದೆಯೇ ಎಂದು ತಿಳಿಯಲು ದೊಡ್ಡ ಸಮೀಕ್ಷೆ ಬೇಡ. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಮಾಡಿದ ಲೆಕ್ಕದಂತೆ, ಒಬ್ಬ ಬಳಕೆದಾರ ಸರಾಸರಿ ಶೇಕಡಾ 31ರಷ್ಟು ತೊಂದರೆಗಳನ್ನು ಬಯಲಿಗೆ ತರುತ್ತಾನೆ. ಒಬ್ಬೊಬ್ಬರೂ ಬಿಟ್ಟದ್ದು 0.69 ಪಾಲು. ಐದು ಜನ ಸೇರಿದರೆ ಐದು 0.69ಗಳನ್ನು ಒಂದಕ್ಕೊಂದು ಗುಣಿಸಬೇಕು, ಉಳಿಯುವುದು ಸುಮಾರು 0.16. ಅಂದರೆ ಶೇಕಡಾ 84–85ರಷ್ಟು ತೊಂದರೆ ಐವರಲ್ಲೇ ಸಿಕ್ಕಿಬಿಟ್ಟಿತು. ಈ ಸಂಖ್ಯೆ ಎಲ್ಲ ಕಡೆ ಹೀಗೇ ಇರುವುದಿಲ್ಲ ಎಂದು ಆಮೇಲಿನವರು ತಕರಾರು ತೆಗೆದಿದ್ದಾರೆ, ತಕರಾರು ಸರಿಯೇ. ಆದರೂ ಅಂಗಡಿಗೆ ಬಂದ ಐದು ಗಿರಾಕಿಗಳ ಕೈಗೆ ಮೊಬೈಲ್ ಕೊಟ್ಟು, ‘ನೂರು ತಟ್ಟೆಗೆ ಎಷ್ಟಾಗುತ್ತದೆ, ಹುಡುಕಿ’ ಎಂದು ಹೇಳಿ ಪಕ್ಕದಲ್ಲಿ ಬಾಯಿ ಮುಚ್ಚಿ ಕೂರುವುದಕ್ಕೆ ಖರ್ಚೇನೂ ಇಲ್ಲ. ಬಾಯಿ ಮುಚ್ಚಿ ಕೂರುವುದೇ ಇದರಲ್ಲಿ ಕಷ್ಟದ ಭಾಗ. ಈ ಪರೀಕ್ಷೆ ಮಾಡೋಣ ಎಂದಾಗ ಡಿಸೈನರ್ ಖುಷಿಪಟ್ಟರೆ ನಿಮ್ಮ ಹುಡುಕಾಟ ಅರ್ಧ ಮುಗಿದಂತೆ.

ಹಳೆ ಕೆಲಸ ತೋರಿಸುವಾಗ ಯಾರೂ ಸತ್ತ ಸೈಟನ್ನು ತೋರಿಸುವುದಿಲ್ಲ. ಹೋದ ತಿಂಗಳ ಕೆಲಸ ಯಾರದ್ದಾದರೂ ಹೊಳೆಯುತ್ತಿರುತ್ತದೆ. ಮೂರು ವರ್ಷದ ಹಿಂದೆ ಮಾಡಿದ್ದನ್ನು ಕೇಳಿ, ಆ ಅಂಗಡಿಯವರಿಗೆ ಫೋನ್ ಮಾಡಿ. ಸೈಟು ಈಗಲೂ ಇದೆಯೇ, ಬೆಲೆ ಬದಲಾಯಿಸಬೇಕೆಂದರೆ ಡಿಸೈನರ್ ಫೋನ್ ಎತ್ತುತ್ತಾರೆಯೇ? ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಹಳೆಯ ವಿಳಾಸ ಕೊಟ್ಟರೆ ಆ ಸೈಟು ಹಿಂದೆ ಹೇಗಿತ್ತು ಎಂಬುದೂ ಅನೇಕ ಸಲ ಸಿಗುತ್ತದೆ. ನೊಬೆಲ್ ಹಂಚಿಕೊಂಡ ಮೈಕೆಲ್ ಸ್ಪೆನ್ಸ್ ಹೇಳಿದ್ದು ಇದನ್ನೇ: ಯಾವ ಸಂಕೇತವನ್ನು ನಕಲು ಮಾಡುವುದು ದುಬಾರಿಯೋ ಅದನ್ನು ಮಾತ್ರ ನಂಬಬಹುದು. ‘ನಂಬರ್ ಒನ್’ ಎಂಬ ಬಿರುದಿನ ಚಿತ್ರ ಒಂದು ಸಂಜೆಯಲ್ಲಿ ತಯಾರಾಗುತ್ತದೆ. ಮೂರು ವರ್ಷ ಬಿಟ್ಟುಹೋಗದ ಗಿರಾಕಿ ಹಾಗೆ ತಯಾರಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಮುಗ್ಗರಿಸುವುದು ಒಡೆತನದಲ್ಲಿ. ಫೌಂಡ್ರಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎರಕದ ಪ್ಯಾಟರ್ನಿಗೆ ಗಿರಾಕಿ ದುಡ್ಡು ಕೊಟ್ಟಿದ್ದರೆ ಪ್ಯಾಟರ್ನ್ ಗಿರಾಕಿಯದು, ಫೌಂಡ್ರಿಯ ಕಪಾಟಿನಲ್ಲಿ ಇದ್ದರೂ ಸರಿಯೇ. ನಾಳೆ ಬೇರೆ ಫೌಂಡ್ರಿಗೆ ಹೋಗಬೇಕೆಂದರೆ ಎತ್ತಿಕೊಂಡು ಹೋಗುತ್ತಾನೆ. ವೆಬ್‌ಸೈಟಿನಲ್ಲಿ ಪ್ಯಾಟರ್ನಿನ ಜಾಗದಲ್ಲಿ ಇರುವುದು ಡೊಮೇನ್, ಹೋಸ್ಟಿಂಗ್ ಖಾತೆ ಮತ್ತು ಕೋಡ್. ಡೊಮೇನನ್ನು ಡಿಸೈನರ್ ತನ್ನ ಇಮೇಲಿನಲ್ಲಿ, ತನ್ನ ಹೆಸರಿನಲ್ಲಿ ನೋಂದಾಯಿಸಿದರೆ ಕಾಗದದ ಮೇಲೆ ಅದು ಅವನದೇ. ಕಾಲೇಜಿನಲ್ಲಿ ಓದುತ್ತಿದ್ದಾಗ ಕಡಿಮೆ ದುಡ್ಡಿಗೆ ಸೈಟು ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ, ಹಳೆ ಇಮೇಲ್ ನೋಡುವುದು ಬಿಟ್ಟ, ನವೀಕರಣದ ನೋಟಿಸುಗಳು ಅಲ್ಲೇ ಕೊಳೆತವು. ಇದರಲ್ಲಿ ಯಾರ ಮೋಸವೂ ಇಲ್ಲ, ಆದರೂ ಅಂಗಡಿಯ ವಿಳಾಸ ಹೋಯಿತು. ಡಾಟ್ ಕಾಮ್ ವಿಳಾಸ ಅವಧಿ ಮೀರಿ ರದ್ದಾದರೆ ದಂಡ ಕೊಟ್ಟು ಬಿಡಿಸಿಕೊಳ್ಳಲು 30 ದಿನ, ಅದೂ ಕಳೆದರೆ 5 ದಿನ ತಡೆದು ಅದನ್ನು ಯಾರು ಬೇಕಾದರೂ ಕೊಳ್ಳುವಂತೆ ಬಿಟ್ಟುಬಿಡುತ್ತಾರೆ.

ಕೋಡಿನ ಕಥೆ ಇನ್ನೂ ವಿಚಿತ್ರ. ನಾನು ದುಡ್ಡು ಕೊಟ್ಟೆ, ಆದ್ದರಿಂದ ನನ್ನದು ಎಂದುಕೊಳ್ಳುತ್ತೇವೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ಕಂಪ್ಯೂಟರ್ ಪ್ರೋಗ್ರಾಂ ಆ ಕಾಯ್ದೆಯಲ್ಲಿ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ನಿಮ್ಮ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದರೆ ಹಕ್ಕು ನಿಮ್ಮದು. ಹೊರಗಿನ ಡಿಸೈನರ್ ಬರೆದುಕೊಟ್ಟರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಹಕ್ಕು ಅವನದೇ. ತಮಾಷೆಯೆಂದರೆ, ಹಣ ಕೊಟ್ಟು ತೆಗೆಸಿದ ಫೋಟೊಗಳಿಗೆ ಅದೇ ಕಾಯ್ದೆಯಲ್ಲಿ ನೀವೇ ಒಡೆಯರು. ಕೋಡಿನ ಹಕ್ಕು ವರ್ಗಾಯಿಸಲು ಲಿಖಿತ ಪತ್ರ, ಸಹಿ ಬೇಕು. ಅದರಲ್ಲೂ ಅವಧಿ ನಮೂದಿಸದಿದ್ದರೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ 19ನೇ ಕಲಮು ಭಾವಿಸಿಕೊಳ್ಳುತ್ತದೆ. ಅಡಿಕೆಯನ್ನೋ ಹಾಳೆ ತಟ್ಟೆಯನ್ನೋ ಹೊರದೇಶಕ್ಕೆ ಕಳಿಸುವವರು ಈ ಎರಡು ಸಾಲನ್ನು ಕರಾರಿನಲ್ಲಿ ಮರೆಯದೆ ಬರೆಸಬೇಕು. ವಕೀಲರಿಗೆ ಒಮ್ಮೆ ತೋರಿಸಿದರೆ ಇನ್ನೂ ಕ್ಷೇಮ.

ಬಹಳಷ್ಟು ಸೈಟುಗಳು 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಮೇಲೆ ನಿಂತಿವೆ. ಜಗತ್ತಿನ ವೆಬ್‌ಸೈಟುಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಅದರವೇ. ಅದು ಮುಕ್ತ ತಂತ್ರಾಂಶ, ಬಳಸಿದರೆ ತಪ್ಪೇನಿಲ್ಲ. ‘ಎಲ್ಲ ಕೋಡ್ ನಾವೇ ಬರೆದದ್ದು’ ಎನ್ನುವ ಹೆಮ್ಮೆಯ ಮಾತಿಗಿಂತ ‘ವರ್ಡ್‌ಪ್ರೆಸ್, ಪ್ರತಿ ತಿಂಗಳು ಅಪ್‌ಡೇಟ್ ಮಾಡುತ್ತೇವೆ, ಬ್ಯಾಕಪ್ ನಿಮ್ಮ ಗೂಗಲ್ ಡ್ರೈವಿಗೆ ಬರುತ್ತದೆ’ ಎನ್ನುವ ಸಪ್ಪೆ ಮಾತು ಎಷ್ಟೋ ಮೇಲು. ವಿಳಾಸದ ಪಕ್ಕ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರದಂತೆ ಮಾಡುವ ಪ್ರಮಾಣಪತ್ರಕ್ಕೆ ಬೇರೆಯಾಗಿ ದೊಡ್ಡ ಮೊತ್ತ ಕೇಳಿದರೆ ಕಾರಣ ಕೇಳಿ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಅದನ್ನು ಪುಕ್ಕಟೆ ಕೊಡುತ್ತಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳಲೇಬೇಕು: ಅನೇಕ ಅಂಗಡಿಗಳಿಗೆ ಸದ್ಯಕ್ಕೆ ವೆಬ್‌ಸೈಟೇ ಬೇಡ. ಓಣಿಯ ಗಿರಾಕಿಗಳನ್ನೇ ನಂಬಿದ ದಿನಸಿ ಅಂಗಡಿಗೆ, ಟೈಲರಿಗೆ ಗೂಗಲ್ ಮ್ಯಾಪಿನಲ್ಲಿ ಸರಿಯಾದ ಗುರುತು, ತೆರೆಯುವ ಮುಚ್ಚುವ ಸಮಯ, ನಾಲ್ಕು ಒಳ್ಳೆಯ ಫೋಟೊ ಸಾಕು. ಅದಕ್ಕೆ ಖರ್ಚಿಲ್ಲ. ವೆಬ್‌ಸೈಟ್ ಬೇಕಾಗುವುದು ದೂರದ, ನಿಮ್ಮ ಮುಖ ಕಾಣದ ಗಿರಾಕಿ ನಿಮ್ಮನ್ನು ತೂಗಿ ನೋಡಬೇಕಾದಾಗ: ಎರಕದ ಆರ್ಡರ್ ಕೊಡುವ ಪುಣೆಯ ಕಂಪನಿಗೆ, ಜೋಗ ನೋಡಲು ಬರುವ ಹೈದರಾಬಾದಿನ ಕುಟುಂಬಕ್ಕೆ. ‘ನಿಮಗೆ ಈಗ ವೆಬ್‌ಸೈಟ್ ಬೇಕಿಲ್ಲ’ ಎಂದು ಹೇಳಿ ಕಳಿಸುವ ಡಿಸೈನರ್ ಸಿಕ್ಕರೆ ಅವರ ನಂಬರ್ ಬರೆದಿಟ್ಟುಕೊಳ್ಳಿ. ಬೇಕಾದ ದಿನ ಅವರಿಗೇ ಕೊಡಿ.

ಈಗಾಗಲೇ ಸೈಟು ಇರುವವರು ಒಂದು ಕೆಲಸ ಮಾಡಿ. ನಿಮ್ಮ ಡೊಮೇನ್ ಯಾರ ಹೆಸರಿನಲ್ಲಿ, ಯಾವ ಇಮೇಲಿನಲ್ಲಿ ನೋಂದಣಿಯಾಗಿದೆ ಎಂದು ಡಿಸೈನರಿಗೆ ಇಂದೇ ಫೋನ್ ಮಾಡಿ ಕೇಳಿ. ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಸಂಬಂಧ ಚೆನ್ನಾಗಿರುವಾಗಲೇ ಬದಲಾಯಿಸಿಕೊಳ್ಳಿ, ನವೀಕರಣದ ತಾರೀಖನ್ನು ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.